ಪೊಟೋಸಿ: ನಮ್ಮ ಮೆಣಸಿನ ಬೆಲೆಗೆ ಬಂದ ಬೆಳ್ಳಿಯ ಊರು

ದಕ್ಷಿಣ ಅಮೆರಿಕದ ಬೊಲಿವಿಯಾದಲ್ಲಿ ಪೊಟೋಸಿ ಎಂಬ ಊರಿದೆ. ಸಮುದ್ರಮಟ್ಟದಿಂದ 4,000 ಮೀಟರಿಗೂ ಎತ್ತರ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ಎರಡು ಪಟ್ಟಿಗಿಂತ ಹೆಚ್ಚು. ಊರಿನ ಬೆನ್ನಿಗೇ ಕೆಂಪು ಬಣ್ಣದ ಬೋಳು ಬೆಟ್ಟ, ಹೆಸರು ಸೆರೊ ರಿಕೊ. ಸಿರಿವಂತ ಬೆಟ್ಟ ಎಂದು ಅರ್ಥ. 1545ರಲ್ಲಿ ಸ್ಪೇನಿನವರು ಇಲ್ಲಿ ಬೆಳ್ಳಿ ಅಗೆಯಲು ಶುರು ಮಾಡಿದರು. 17ನೇ ಶತಮಾನದ ಆರಂಭಕ್ಕೆ ಇದು ಸುಮಾರು 1.6 ಲಕ್ಷ ಜನರ ಪಟ್ಟಣ, ಆ ಕಾಲಕ್ಕೆ ಜಗತ್ತಿನ ದೊಡ್ಡ ಊರುಗಳಲ್ಲಿ ಒಂದು.

ಅಷ್ಟು ದೂರದ ಊರಿಗೂ ನಮ್ಮ ಕರಾವಳಿಗೂ ಏನು ಸಂಬಂಧ? ಕಾಳುಮೆಣಸು. ಗೋವಾದ ಪೋರ್ಚುಗೀಸರು ಹೊನ್ನಾವರ, ಬಸ್ರೂರು, ಮಂಗಳೂರು ಬಂದರುಗಳಿಂದ ಮೆಣಸು ಕೊಳ್ಳುತ್ತಿದ್ದರು. ಅವರ ಹಡಗುಗಳು ಯುರೋಪಿನಿಂದ ತರುತ್ತಿದ್ದ ಬಂಡವಾಳದಲ್ಲಿ ದೊಡ್ಡ ಪಾಲು ಸ್ಪೇನಿನ ರಿಯಾಲ್ ಬೆಳ್ಳಿ ನಾಣ್ಯ. ಎಂಟು ರಿಯಾಲಿನ ಒಂದು ನಾಣ್ಯ ಸುಮಾರು 27 ಗ್ರಾಂ ತೂಗುತ್ತಿತ್ತು. ಆ ಬೆಳ್ಳಿ ಪೊಟೋಸಿ ಮತ್ತು ಮೆಕ್ಸಿಕೋದ ಗಣಿಗಳದ್ದು. ಸೂರತ್‌ಗೆ ಬಂದ ಇಂಥ ನಾಣ್ಯಗಳನ್ನು ಕರಗಿಸಿ ಮೊಘಲರ ರೂಪಾಯಿ ಮಾಡುತ್ತಿದ್ದರು.

ಪೊಟೋಸಿಯಲ್ಲಿ ಕುಟುಂಬ ಸಮೇತ ನೋಡಲೇಬೇಕಾದದ್ದು ಹಳೆಯ ಟಂಕಸಾಲೆ. 1759ರಿಂದ 1773ರವರೆಗೆ ಕಟ್ಟಿದ ಈ ಕಟ್ಟಡ ಈಗ ಮ್ಯೂಸಿಯಂ. ಬೆಳ್ಳಿಯ ಗಟ್ಟಿಯನ್ನು ತಗಡು ಮಾಡುವ ಮರದ ದೊಡ್ಡ ಚಕ್ರಗಳು ಇನ್ನೂ ಇವೆ. ಕೆಳಗಿನ ಅಂತಸ್ತಿನಲ್ಲಿ ಹೇಸರಗತ್ತೆಗಳು ಸುತ್ತಿದರೆ ಮೇಲೆ ಚಕ್ರ ತಿರುಗುತ್ತಿತ್ತು. ಅಂಗಳದ ಗೋಡೆಯ ಮೇಲೆ ನಗುವ ಮುಖವೊಂದಿದೆ, ಮಕ್ಕಳಿಗೆ ಅದೇ ಇಷ್ಟ.

ವ್ಯಾಪಾರಸ್ಥರು ತಿಳಿಯಬೇಕಾದ ಒಂದು ಕಥೆಯೂ ಇಲ್ಲಿದೆ. ಈ ಕಟ್ಟಡಕ್ಕೂ ಮುಂಚೆ ಇದ್ದ ಟಂಕಸಾಲೆಯಲ್ಲಿ 1640ರ ದಶಕದಲ್ಲಿ ಬೆಳ್ಳಿ ಕಡಿಮೆ ಮಾಡಿ ತಾಮ್ರ ಬೆರೆಸುವ ದಂಧೆ ನಡೆಯಿತು. ವಿಷಯ ಹೊರಬಿದ್ದದ್ದೇ ತಡ, ಯುರೋಪಿನ ವ್ಯಾಪಾರಿಗಳು ಪೊಟೋಸಿ ನಾಣ್ಯ ಮುಟ್ಟಲು ಹಿಂದೆ ಸರಿದರು. ಬೆಳ್ಳಿ ವ್ಯಾಪಾರಿ ಫ್ರಾನ್ಸಿಸ್ಕೊ ಗೋಮೆಸ್ ದೆ ಲಾ ರೋಚಾನಿಗೆ 1650ರಲ್ಲಿ ಮರಣದಂಡನೆಯಾಯಿತು. ನಂಬಿಕೆ ವಾಪಸ್ ತರಲು ನಾಣ್ಯದ ಅಚ್ಚನ್ನೇ ಬದಲಿಸಬೇಕಾಯಿತು. ರಾಜಮುದ್ರೆ ಇದ್ದ ಮಾತ್ರಕ್ಕೆ ಮಾಲು ಓಡುವುದಿಲ್ಲ.

ಆದರೆ ನಾಣ್ಯ ಅಪ್ಪಟವಾಗಿದ್ದಾಗಲೂ ಲೆಕ್ಕಕ್ಕೆ ಸೇರದ ಒಂದು ಖರ್ಚಿತ್ತು. 1570ರ ದಶಕದಲ್ಲಿ ವೈಸ್‌ರಾಯ್ ಫ್ರಾನ್ಸಿಸ್ಕೊ ದೆ ತೊಲೆದೊ 'ಮಿತಾ' ಎಂಬ ಬಿಟ್ಟಿ ದುಡಿಮೆಯಂಥ ಪದ್ಧತಿ ತಂದ. ಸುತ್ತಲಿನ ಪ್ರಾಂತ್ಯಗಳ ಮೂಲನಿವಾಸಿ ಗಂಡಸರಲ್ಲಿ ಏಳರಲ್ಲೊಬ್ಬರು ಸರದಿಯಂತೆ ವರ್ಷಕ್ಕೊಮ್ಮೆ ಪೊಟೋಸಿಗೆ ಬರಬೇಕು. ವರ್ಷಕ್ಕೆ ಸುಮಾರು 13,500 ಮಂದಿ. ಕೂಲಿ ಇತ್ತು, ಹೊಟ್ಟೆಗೆ ಸಾಲುತ್ತಿರಲಿಲ್ಲ. ಗಣಿಯ ಕುಸಿತ, ಧೂಳು, ಬೆಳ್ಳಿ ಬೇರ್ಪಡಿಸುವ ಪಾದರಸದ ವಿಷ ಎಷ್ಟೋ ಮಂದಿಯನ್ನು ತಿಂದಿತು. ಎಷ್ಟೋ ಹಳ್ಳಿಗಳು ಖಾಲಿಯಾದವು.

ಈ ಬೆಟ್ಟದ ಕೆಲಸ ಇನ್ನೂ ನಿಂತಿಲ್ಲ. ಸಹಕಾರಿ ಸಂಘಗಳ ಗಣಿ ಕಾರ್ಮಿಕರು ಈಗಲೂ ಸತು, ಸೀಸ, ತವರ, ಅಷ್ಟಿಷ್ಟು ಬೆಳ್ಳಿ ತೆಗೆಯುತ್ತಾರೆ. ತುದಿ ಕುಸಿಯುತ್ತಿದೆ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಊರನ್ನು ಯುನೆಸ್ಕೊ 2014ರಲ್ಲಿ ಅಪಾಯದ ಪಟ್ಟಿಗೂ ಸೇರಿಸಿತು. ಪ್ರವಾಸಿಗರನ್ನು ಗಣಿಯೊಳಗೆ ಕರೆದೊಯ್ಯುವವರಿದ್ದಾರೆ. ಧೂಳು, ಗ್ಯಾಸ್ ಎರಡೂ ಇರುವ ಜಾಗ, ಮಕ್ಕಳನ್ನು, ವಯಸ್ಸಾದವರನ್ನು ಕರೆದುಕೊಂಡು ಒಳಗೆ ಹೋಗುವುದು ಬೇಡ.

ನೇರ ಪೊಟೋಸಿಗೆ ಹೋಗುವುದೂ ಒಳ್ಳೆಯದಲ್ಲ. ಸುಮಾರು 2,800 ಮೀಟರ್ ಎತ್ತರದ ಸುಕ್ರೆಯಲ್ಲಿ ಎರಡು ದಿನ ಉಳಿದರೆ ಮೈ ಒಗ್ಗುತ್ತದೆ. ಅಲ್ಲಿಂದ ರಸ್ತೆಯಲ್ಲಿ ಮೂರು ಗಂಟೆಯ ದಾರಿ. ಹೃದಯದ ತೊಂದರೆ, ಉಬ್ಬಸ ಇದ್ದವರು ಮೊದಲೇ ಡಾಕ್ಟರನ್ನು ಕೇಳಬೇಕು. ತಲೆಸುತ್ತಿಗೆಂದು ಅಲ್ಲಿ ಕೋಕಾ ಎಲೆಯ ಚಹಾ ಕೊಡುತ್ತಾರೆ. ಅಲ್ಲಿ ಅದು ಕಾನೂನುಬದ್ಧ, ಭಾರತದಲ್ಲಿ ಅಪರಾಧ. ಬ್ಯಾಗಿನಲ್ಲಿ ಒಂದು ಎಲೆಯೂ ಇರಬಾರದು.

ಟಂಕಸಾಲೆಯಲ್ಲಿ ನಾಣ್ಯ ನೋಡಿ ಹೊರಬಂದ ಮಕ್ಕಳಿಗೆ, ಅದನ್ನು ಅಗೆದು ತಂದವರ ಬೆಟ್ಟವನ್ನೂ ಅಲ್ಲೇ ನಿಂತು ತೋರಿಸಬೇಕು.