ಚಳಿಗೆ ಹೃದಯ ನಿಲ್ಲುತ್ತದೆಯೇ?

ಪ್ರಶ್ನೆ: ಸಿಯಾಚಿನ್ ಹಿಮದಡಿಯಿಂದ ಜೀವಂತ ಸಿಕ್ಕ ಯೋಧ ಹನುಮಂತಪ್ಪ ಕೊಪ್ಪದ ಅವರು ಆಸ್ಪತ್ರೆಯಲ್ಲಿ ಯಾಕೆ ಉಳಿಯಲಿಲ್ಲ? ಚಳಿಗೆ ಹೃದಯ ನಿಲ್ಲುತ್ತದೆಯೇ?
— ಓದುಗರೊಬ್ಬರು, ಕಾಗದನಗರ, ಭದ್ರಾವತಿ

ಉತ್ತರ: ನಿಲ್ಲಬಹುದು. ಮೈಯೊಳಗಿನ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ವಯಸ್ಸಾದವರಿಗೆ ಅಪಾಯ. ಗಟ್ಟಿಮುಟ್ಟಾದ ಯುವಕರಿಗೆ 28ರಿಂದ ಕೆಳಗೆ. ತಣ್ಣಗಾದ ಹೃದಯಸ್ನಾಯುವಿನಲ್ಲಿ ವಿದ್ಯುತ್ ಸಂಕೇತ ನಿಧಾನವಾಗಿ, ಅಡ್ಡಾದಿಡ್ಡಿ ಹರಿಯುತ್ತದೆ. ಆಗ ರೋಗಿಯನ್ನು ಎಳೆದಾಡಿದರೂ ಸಾಕು, ಹೃದಯ ಬಡಿಯುವುದು ಬಿಟ್ಟು ಬರೀ ಅದುರತೊಡಗಬಹುದು. ಅದಕ್ಕೇ ಇಂಥವರನ್ನು ನಡೆಸಬಾರದು, ಕೈಕಾಲು ತಿಕ್ಕಬಾರದು, ಮಲಗಿಸಿಯೇ ಸಾಗಿಸಬೇಕು.

ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ 2016ರ ಫೆಬ್ರುವರಿ 3ರಂದು ಹಿಮಪಾತಕ್ಕೆ ಸಿಕ್ಕಿ, 8ರಂದು ಪತ್ತೆಯಾದರು. ಮೈ ಬೆಚ್ಚಗಾಗಿ, ತಣ್ಣಗಿದ್ದ ಅಂಗಗಳಿಗೆ ರಕ್ತ ಮರಳುವಾಗಿನ ತೊಡಕುಗಳ ಬಗ್ಗೆ ದೆಹಲಿಯ ಸೇನಾ ವೈದ್ಯರು ಮೊದಲೇ ಎಚ್ಚರಿಸಿದ್ದರು. ಆದರೆ ಹನುಮಂತಪ್ಪನವರ ಸಾವನ್ನು ಚಳಿಯೊಂದರ ತಲೆಗೆ ಕಟ್ಟುವಂತಿಲ್ಲ. ನ್ಯುಮೋನಿಯಾ ಇತ್ತು, ಮೂತ್ರಪಿಂಡ, ಯಕೃತ್ತು ಸೋತಿದ್ದವು. 11ರಂದು ತೀರಿಕೊಂಡರು.

ವಿಚಿತ್ರವೆಂದರೆ, ಕೊಲ್ಲುವ ಚಳಿಯೇ ಮಿದುಳನ್ನು ಕಾಯುವುದೂ ಉಂಟು. ತಣ್ಣಗಾದ ಮಿದುಳಿಗೆ ಆಮ್ಲಜನಕ ಕಡಿಮೆ ಸಾಕು. 1999ರಲ್ಲಿ ನಾರ್ವೆಯ ಹಿಮಗಟ್ಟಿದ ಹೊಳೆಗೆ ಬಿದ್ದ ವೈದ್ಯೆ ಅನಾ ಬೋಗೆನ್‌ಹೋಮ್ ಅವರ ಉಷ್ಣತೆ 13.7ಕ್ಕೆ ಇಳಿದು, ಹೃದಯ ನಿಂತಿತ್ತು. ಯಂತ್ರದ ಮೂಲಕ ರಕ್ತ ಹರಿಸಿ ಬೆಚ್ಚಗಾಗಿಸಿದರು. ಆಕೆ ಬದುಕಿದರು, ಮತ್ತೆ ಆಸ್ಪತ್ರೆಯ ಕೆಲಸಕ್ಕೂ ಮರಳಿದರು. ಆದ್ದರಿಂದ ತಣ್ಣಗೆ ಸೆಟೆದವರ ನಾಡಿಯನ್ನು, ಉಸಿರನ್ನು ಪೂರ್ತಿ ಒಂದು ನಿಮಿಷ ನೋಡಿಯೇ ಮುಂದಿನ ಮಾತು.