ಕೊಟ್ಟಿಗೆಯ ನೆಲ ಮತ್ತು ಹಸುವಿನ ವಿಶ್ರಾಂತಿ

ಹೈನುಗಾರಿಕೆಯನ್ನು ಕುರಿತ ಚರ್ಚೆಗಳಲ್ಲಿ ತಳಿ, ಮೇವು, ರೋಗಚಿಕಿತ್ಸೆ ಇವುಗಳಿಗೆ ದೊರೆಯುವ ಗಮನ ಕೊಟ್ಟಿಗೆಯ ನೆಲಕ್ಕೆ ದೊರೆಯುವುದು ಅಪೂರ್ವ. ನೆಲವನ್ನು ನಾವು ಸಾಮಾನ್ಯವಾಗಿ ಅದನ್ನು ತೊಳೆಯುವವರ ದೃಷ್ಟಿಯಿಂದ ನೋಡುತ್ತೇವೆ. ಸಗಣಿ ಗಂಜಲಗಳು ಸುಲಭವಾಗಿ ಹರಿದುಹೋದರೆ ಅದು ಒಳ್ಳೆಯ ನೆಲ. ಹೀಗೆ ನೋಡಿದರೆ ಸಿಮೆಂಟಿನ ನೆಲ ಬಹಳ ಅನುಕೂಲವಾದುದು. ಆದರೆ ದಿನದ ಅರ್ಧದಷ್ಟು ಕಾಲವನ್ನು ಅದರ ಮೇಲೆ ಮಲಗಿ ಕಳೆಯಬೇಕಾದ ಪ್ರಾಣಿಯ ತೀರ್ಪು ಬೇರೆ.

ತಕ್ಕ ಹಾಸು ದೊರೆತಾಗ ಕರೆಯುವ ಹಸುವು ದಿನಕ್ಕೆ ಸುಮಾರು 10ರಿಂದ 14 ಗಂಟೆಗಳಷ್ಟು ಕಾಲ ಮಲಗುತ್ತದೆ. ಮೆಲುಕು ಹಾಕುವ ಕೆಲಸದ ಹೆಚ್ಚಿನ ಭಾಗ ನಡೆಯುವುದು ಆಗಲೇ. ಕೆಚ್ಚಲಿನ ಕಡೆಗೆ ರಕ್ತಸಂಚಾರ ಹೆಚ್ಚುವುದೂ ಆಗಲೇ. ಮೇಯುವುದಕ್ಕೂ ಮಲಗುವುದಕ್ಕೂ ದೊರೆಯುವ ಕಾಲವನ್ನು ಮೊಟಕುಗೊಳಿಸಿದಾಗ ಹಸುಗಳು ಮೇಯುವ ಕಾಲವನ್ನು ಬಿಟ್ಟುಕೊಟ್ಟಾದರೂ ಮಲಗುವ ಕಾಲವನ್ನು ಉಳಿಸಿಕೊಳ್ಳಲು ಯತ್ನಿಸುತ್ತವೆಂಬುದು ಪ್ರಯೋಗಗಳಿಂದ ತಿಳಿದುಬಂದಿದೆ. ಆದುದರಿಂದ ಮಲಗುವಿಕೆಯು ಸೋಮಾರಿತನವಲ್ಲ, ದೇಹದ ಅವಶ್ಯಕತೆ.

ಹಸು ಮಲಗುವ ಕ್ರಮವನ್ನು ಗಮನಿಸಿದರೆ ನೆಲದ ಮಹತ್ವ ಸ್ಪಷ್ಟವಾಗುತ್ತದೆ. ಅದು ಮೊದಲು ಮುಂಗಾಲುಗಳನ್ನು ಮಡಿಸಿ ಮಂಡಿಯೂರುತ್ತದೆ. ಅನಂತರ ಹಿಂಭಾಗವನ್ನು ಇಳಿಸುತ್ತದೆ. ದೊಡ್ಡ ದೇಹದ ಭಾರದ ಬಹುಭಾಗ ಆ ಕ್ಷಣದಲ್ಲಿ ಎರಡು ಮಂಡಿಗಳ ಮೇಲೆ ಬೀಳುತ್ತದೆ. ಒಂದು ದಿನದಲ್ಲಿ ಹತ್ತು ಬಾರಿಯಷ್ಟು ಇದು ನಡೆಯುತ್ತದೆ. ನೆಲ ಗಟ್ಟಿಯಾಗಿದ್ದರೆ ಹಸು ಮಲಗಲು ಹಿಂಜರಿಯುತ್ತದೆ, ಮಲಗಿದರೆ ಏಳಲು ಹಿಂಜರಿಯುತ್ತದೆ. ಉಜ್ಜಿ ಉಜ್ಜಿ ಹಿಂಗಾಲಿನ ಗೆಣ್ಣಿನ ಕೂದಲು ಉದುರಿ, ಚರ್ಮ ಸುಲಿದು, ಬಾವು ಬರುತ್ತದೆ. ಬಹಳ ಹೊತ್ತು ನಿಂತೇ ಇರುವುದರಿಂದ ಗೊರಸಿನ ತೊಂದರೆಗಳೂ ಹೆಚ್ಚುತ್ತವೆ.

ಈ ವಿಷಯದಲ್ಲಿ ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು ನಡೆಸಿದ ಪ್ರಯೋಗಗಳು ಗಮನಾರ್ಹವಾದುವು. 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಪ್ಪನಾಗಿ ಹರಡಿದ ಮರದ ಹೊಟ್ಟು, ದಪ್ಪನಾಗಿ ಹರಡಿದ ಮರಳು, ತೆಳುವಾಗಿ ಹೊಟ್ಟು ಉದುರಿಸಿದ ಕಾರ್ಖಾನೆಯ ಹಾಸಿಗೆ, ಈ ಮೂರನ್ನು ಹಸುಗಳ ಮುಂದಿಟ್ಟರು. ಬಹುಪಾಲು ಹಸುಗಳು ಮೊದಲಿನ ಎರಡರಲ್ಲಿ ಒಂದನ್ನು ಆರಿಸಿಕೊಂಡುವು. ಹಿಂದಿನ ರೂಢಿಯೂ ಆಯ್ಕೆಯ ಮೇಲೆ ಪ್ರಭಾವ ಬೀರಿತು. ಅಂತಹ ಹಾಸಿಗೆಯ ಮೇಲೆ 7.5 ಕಿಲೋಗ್ರಾಮ್ ಹೊಟ್ಟನ್ನು ಹರಡಿದಾಗ ಮಲಗುವ ಕಾಲ ದಿನಕ್ಕೆ ಸುಮಾರು ಒಂದೂವರೆ ಗಂಟೆ ಹೆಚ್ಚಿತೆಂದು 2004ರ ಅಧ್ಯಯನ ತಿಳಿಸಿತು. 2007ರ ಪ್ರಯೋಗದ ಫಲಿತಾಂಶ ಇನ್ನೂ ಎದ್ದುಕಾಣುವಂತಹುದು: ಒಣಗಿದ ಹೊಟ್ಟಿನ ಮೇಲೆ ದಿನಕ್ಕೆ 13.8 ಗಂಟೆ ಮಲಗಿದ ಹಸುಗಳು, ಒದ್ದೆಯಾದ ಹೊಟ್ಟಲ್ಲದೆ ಬೇರೇನೂ ಇಲ್ಲದಿದ್ದಾಗ 8.8 ಗಂಟೆ ಮಾತ್ರ ಮಲಗಿದುವು. ಹೊಟ್ಟು ಅದೇ, ಬದಲಾದದ್ದು ಅದರ ತೇವ. ಐದು ಗಂಟೆಗಳ ವಿಶ್ರಾಂತಿ ಅಷ್ಟರಿಂದಲೇ ನಷ್ಟವಾಯಿತು.

ಇದರಿಂದ ನಾವು ಗ್ರಹಿಸಬೇಕಾದುದು ಎರಡು ಅಂಶಗಳನ್ನು. ನೆಲ ಮೆತ್ತಗಿರಬೇಕು, ಮೆತ್ತಗಿರುವಷ್ಟೇ ಮುಖ್ಯವಾಗಿ ಒಣಗಿರಬೇಕು. ಮರಳು ಈ ಎರಡು ಗುಣಗಳನ್ನೂ ಪಡೆದಿದೆ; ಅದು ಸಾವಯವ ವಸ್ತುವಲ್ಲವಾದ್ದರಿಂದ, ಶುದ್ಧವಾಗಿದ್ದಾಗ ಕೆಚ್ಚಲು ಬಾವನ್ನು ತರುವ ಸೂಕ್ಷ್ಮಾಣುಗಳಿಗೆ ಅದರಲ್ಲಿ ಆಹಾರ ಕಡಿಮೆ. ಆದರೆ ಅದು ಸಗಣಿಯೊಡನೆ ಬೆರೆತು ಯಂತ್ರಗಳನ್ನು ಸವೆಯಿಸುತ್ತದೆ, ಗೊಬ್ಬರದ ಗುಂಡಿಯ ತಳದಲ್ಲಿ ಕೂಡುತ್ತದೆ. ರಬ್ಬರಿನ ಹಾಸು ಬರಿಯ ಸಿಮೆಂಟಿಗಿಂತ ಉತ್ತಮವೇ. ಆದರೆ ಅದು ತೇವವನ್ನು ಹೀರುವುದಿಲ್ಲ. ಅದನ್ನು ಹಾಸಿದ ಮಾತ್ರಕ್ಕೆ ಕರ್ತವ್ಯ ಮುಗಿಯಿತೆಂದು ತಿಳಿಯಬಾರದು.

ನಮ್ಮ ಮಲೆನಾಡಿನಲ್ಲಿ ಬೆಟ್ಟದಿಂದ ಸೊಪ್ಪು, ದರಗುಗಳನ್ನು ತಂದು ಕೊಟ್ಟಿಗೆಗೆ ಹಾಸುವ ಪದ್ಧತಿ ಬಹುಕಾಲದಿಂದ ಬಂದಿದೆ. ಅದರ ಮುಖ್ಯ ಉದ್ದೇಶ ತೋಟಕ್ಕೆ ಗೊಬ್ಬರ. ಆದರೂ ಹಸುವಿಗೆ ಮೆತ್ತನೆಯ ನೆಲೆಯೂ ಅದರೊಡನೆ ದೊರೆಯುತ್ತದೆ. ಮೇಲೆ ಹೇಳಿದ ಪ್ರಯೋಗದ ಪಾಠ ಇಲ್ಲಿಗೂ ಅನ್ವಯಿಸುತ್ತದೆ: ಹೊಸ ಒಣ ಹಾಸು ಮೇಲೆ ಬೀಳುತ್ತಿದ್ದರೆ ಮಾತ್ರ ಅದು ಹಾಸು, ಇಲ್ಲವಾದರೆ ಕೆಸರು.

ವಿದ್ಯಾರ್ಥಿಗಳು ಯಾವ ಉಪಕರಣವೂ ಇಲ್ಲದೆ ಒಂದು ಪರೀಕ್ಷೆಯನ್ನು ಮಾಡಬಹುದು. ಕೊಟ್ಟಿಗೆಯ ನೆಲದ ಮೇಲೆ ತಾವೇ ಮಂಡಿಯೂರಿ ಒಂದು ಗಳಿಗೆ ಇದ್ದು ನೋಡಲಿ. ಮಂಡಿ ನೊಂದರೆ ನೆಲ ಗಟ್ಟಿ. ಬಟ್ಟೆ ನೆನೆದರೆ ನೆಲ ಒದ್ದೆ. ಬಳಿಕ ಹಸುಗಳ ಹಿಂಗಾಲಿನ ಗೆಣ್ಣುಗಳನ್ನು ನೋಡಲಿ. ಮಾತು ಬಾರದ ಪ್ರಾಣಿಯ ಸಾಕ್ಷ್ಯ ಅಲ್ಲಿ ದೊರೆಯುತ್ತದೆ.