ಸೊಳ್ಳೆ ಹೋಗಲಿ, ಜೇನು ಉಳಿಯಲಿ



ಮಳೆ ಹಿಡಿಯಿತೆಂದರೆ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಮನೆಗಳಲ್ಲಿ ಸೊಳ್ಳೆಯ ಕಾಟ ಶುರುವಾಗುತ್ತದೆ. ಆಗ ತೊಗರಿಗೆ ಹೊಡೆದು ಉಳಿದ ಔಷಧಿಯನ್ನೇ ಹಿತ್ತಲ ಗಿಡಕ್ಕೂ ಗಟಾರಕ್ಕೂ ಹೊಡೆಯುವವರುಂಟು. ಹಾಗೆ ಮಾಡಬ್ಯಾಡ್ರಿ. ಅದು ಹೊಲದ ವಿಷ. ಮಕ್ಕಳು, ದನಕರು ತಿರುಗಾಡುವ ಅಂಗಳಕ್ಕೆ ತಕ್ಕುದಲ್ಲ. ಮೇಲಾಗಿ ಅದರಿಂದ ಜೇನು ಸಾಯುತ್ತದೆ.

ಜೇನು ಸತ್ತರೆ ನಮಗೇನು ನಷ್ಟ ಎಂದು ಕೇಳುವಿರಾ? ನಿಮ್ಮ ಕುಂಬಳದ ಬಳ್ಳಿಯನ್ನೇ ನೋಡಿರಿ. ಅದರಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಜೇನು ಪರಾಗವನ್ನು ಒಯ್ದು ಮುಟ್ಟಿಸಿದರೆ ಕಾಯಿ; ಇಲ್ಲದಿದ್ದರೆ ಹೀಚು ಹಳದಿಯಾಗಿ ಉದುರುತ್ತದೆ. ಸೂರ್ಯಕಾಂತಿಯಲ್ಲಿ ಜೇನು ಕಡಿಮೆಯಾದರೆ ಜೊಳ್ಳು ಹೆಚ್ಚು.

ಹಾಗಂತ ಸೊಳ್ಳೆಯನ್ನು ಬಿಡಲಾಗದು. ವಾಡಿಯಿಂದ ರೈಲು ಹೋಗುವ ಸಿಕಂದರಾಬಾದಿನಲ್ಲೇ 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಎಂಬ ವೈದ್ಯರು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ಕಂಡರು. ಆನೆಕಾಲು ರೋಗ, ಡೆಂಗಿ ಜ್ವರ ಹರಡುವುದೂ ಸೊಳ್ಳೆಯಿಂದಲೇ. 2024ರಲ್ಲಿ ನಮ್ಮ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿತು.

ಈಗ ಮುಖ್ಯ ಮಾತು ಕೇಳಿರಿ. ಸೊಳ್ಳೆ ಹುಟ್ಟುವುದು ನಿಂತ ನೀರಿನಲ್ಲಿ. ಮೊಟ್ಟೆಯಿಂದ ರೆಕ್ಕೆಯ ಸೊಳ್ಳೆಯಾಗಲು ಬೆಚ್ಚನೆಯ ದಿನಗಳಲ್ಲಿ ಸುಮಾರು 7ರಿಂದ 10 ದಿನ ಬೇಕು. ಅಲ್ಲಿಯವರೆಗೆ ಅದು ನೀರು ಬಿಟ್ಟು ಹೊರಗೆ ಬಾರದು. ಜೇನು ನೀರಿನಲ್ಲಿ ಬೆಳೆಯುವುದಿಲ್ಲ. ಆದ್ದರಿಂದ ಸೊಳ್ಳೆಯನ್ನು ಹುಳವಿದ್ದಾಗಲೇ ನೀರಿನಲ್ಲಿ ಹಿಡಿದರೆ ಜೇನಿನ ಕೂದಲೂ ಕೊಂಕದು.

ಮಾಡಬೇಕಾದ್ದು ಇಷ್ಟು:

ಒಂದು: ವಾರಕ್ಕೊಮ್ಮೆ, ನಿಮ್ಮೂರ ಸಂತೆಯ ದಿನವೇ ಎಂದಿಟ್ಟುಕೊಳ್ಳಿರಿ, ಹಂಡೆ, ಕೊಡ, ದನದ ನೀರಿನ ತೊಟ್ಟಿ ಎಲ್ಲ ಬರಿದು ಮಾಡಿ ಒಳಗೋಡೆ ತಿಕ್ಕಿ ಒಣಗಿಸಿರಿ. ಬರೇ ನೀರು ಚೆಲ್ಲಿದರೆ ಸಾಲದು. ಡೆಂಗಿ ಸೊಳ್ಳೆಯ ಮೊಟ್ಟೆ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಮತ್ತೆ ನೀರು ತುಂಬಿದೊಡನೆ ಒಡೆಯುತ್ತದೆ. ಹಳೆಯ ಟೈರು, ಒಡಕು ಗಡಿಗೆಗಳನ್ನು ಮಳೆಗೆ ಬಿಡಬೇಡಿರಿ.

ಎರಡು: ಬರಿದು ಮಾಡಲಾಗದ ತೊಟ್ಟಿಗೆ ಸಂದಿಲ್ಲದಂತೆ ಮುಚ್ಚಳ ಹಾಕಿರಿ. ಶಹಾಬಾದ್ ಕಲ್ಲಿನ ಚಪ್ಪಡಿ ನಮ್ಮಲ್ಲೇ ಸಿಗುತ್ತದಲ್ಲ! ಅಂಚಿನ ಸಂದಿಗೆ ಬಟ್ಟೆ ತುರುಕಿರಿ.

ಮೂರು: ಬಚ್ಚಲ ನೀರು ಬೀದಿಯಲ್ಲಿ ನಿಲ್ಲಬಾರದು. ಮೂರಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಗಣಿಯ ಚೂರುಕಲ್ಲು ತುಂಬಿದರೆ ಇಂಗುಗುಂಡಿಯಾಯಿತು. ಕುಡಿಯುವ ನೀರಿನ ಬಾವಿ, ಬೋರುಗಳಿಂದ ದೂರ ತೋಡಿರಿ. ನಮ್ಮ ಎರೆಮಣ್ಣು ನೀರನ್ನು ತಡವಾಗಿ ಹೀರುತ್ತದೆ. ಅಂಥಲ್ಲಿ ಗುಂಡಿ ದೊಡ್ಡದಿರಲಿ, ಇಲ್ಲವೇ ನೀರನ್ನು ಬಾಳೆ, ಕರಿಬೇವಿನ ಬುಡಕ್ಕೆ ತಿರುಗಿಸಿರಿ.

ನಾಲ್ಕು: ಕಲ್ಲು ತೆಗೆದು ಬಿಟ್ಟ ಗಣಿಗುಂಡಿಯಲ್ಲಿ, ದೊಡ್ಡ ತೊಟ್ಟಿಯಲ್ಲಿ ನೀರು ನಿಂತಿದ್ದರೆ ಆರೋಗ್ಯ ಇಲಾಖೆಯವರನ್ನು ಕೇಳಿರಿ. ಸೊಳ್ಳೆ ಹುಳ ತಿನ್ನುವ ಗಪ್ಪಿ ಮೀನು ಇದೆ, ಬಿ.ಟಿ.ಐ. ಎಂಬ ಸೂಕ್ಷ್ಮಜೀವಿಯ ಔಷಧಿಯೂ ಇದೆ. ಅದು ಸೊಳ್ಳೆಯ ಹುಳವನ್ನು ಕೊಲ್ಲುತ್ತದೆ, ಜೇನಿಗೆ ಕೇಡಿಲ್ಲ. ಮೀನನ್ನು ಮಾತ್ರ ಕಾಗಿಣಾ ಹೊಳೆಗಾಗಲಿ ಕೆರೆಗಾಗಲಿ ಬಿಡಬೇಡಿರಿ; ಅಲ್ಲಿಯ ನಾಟಿ ಮೀನಿಗೆ ತೊಂದರೆ.

ಊರಲ್ಲಿ ಜ್ವರ ಎದ್ದಾಗ ಹೊಗೆಯಂತ್ರ ಬರಬಹುದು. ಆ ಹೊಗೆ ಹಾರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ, ನೀರಿನ ಹುಳ ಹಾಗೇ ಉಳಿಯುತ್ತದೆ. ಜೇನು ಗೂಡು ಸೇರಿದ ಮೇಲೆ, ಹೊತ್ತು ಮುಳುಗಿದ ನಂತರ ಹೊಡೆಯಿರೆಂದು ಪಂಚಾಯತಿಯವರಿಗೆ ಹೇಳಿರಿ. ಹೂಬಿಟ್ಟ ಗಿಡ, ಜೇನುಗೂಡುಗಳ ಕಡೆಗೆ ಯಂತ್ರ ತಿರುಗಿಸುವುದು ಬೇಡ.

ಮಲಗುವಾಗ ಸೊಳ್ಳೆಪರದೆ ಕಟ್ಟಿರಿ. ಡೆಂಗಿ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ. ಮಧ್ಯಾಹ್ನ ಮಲಗುವ ಕೂಸಿಗೂ ಪರದೆ ಬೇಕು. ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ ರಕ್ತ ತೋರಿಸಿರಿ.

ಕಡೆಯದಾಗಿ, ಬಿಸಿಲಿಗೆ ಜೇನೂ ನೀರು ಹುಡುಕುತ್ತದೆ. ಅಗಲ ತಟ್ಟೆಯಲ್ಲಿ ನಾಲ್ಕು ಹರಳು ಹಾಕಿ ನೀರಿಡಿರಿ, ದಿನಾಲು ಬದಲಿಸಿರಿ. ಜೇನಿಗೆ ನೀರಾಯಿತು, ಸೊಳ್ಳೆಗೆ ತೊಟ್ಟಿಲಾಗಲಿಲ್ಲ. ಬರುವ ಸಂತೆಯ ದಿನವೇ ಕೆಲಸಕ್ಕೆ ಕೈಹಚ್ಚಿರಿ.